ಎರಡು ಸಾವಿರದ ಇಪ್ಪತ್ತೊಂಬತ್ತರ ತನಕ

ದಾಂಡೇಲಿಯ ಶ್ರಮಿಕ ಸಹಕಾರಿ ಆಸ್ಪತ್ರೆಯಲ್ಲಿ ಮೆಟ್ಟಿಲ ಕೆಳಗೆ ಒಂದು ಇಕ್ಕಟ್ಟಾದ ಕೋಣೆಯಿದೆ. ಮೊದಲು ಅಲ್ಲಿ ಮುರಿದ ಸ್ಟ್ರೆಚರ್‌ಗಳನ್ನು ತುಂಬಿಡುತ್ತಿದ್ದರು. ಆಮೇಲೆ ಅದನ್ನು ಖಾಲಿ ಮಾಡಿ, ಏಸಿ ಕೂಡಿಸಿ, ಎರಡು ಸರ್ವರ್ ಇಟ್ಟು ಬೀಗ ಹಾಕಿದರು. ಕೀಲಿಕೈ ಇರುವುದು ಸುವರ್ಣಾಳ ಹತ್ತಿರ. ಸರ್ವರ್ ಎಂದರೇನೆಂದು ಆಸ್ಪತ್ರೆಯಲ್ಲಿ ಯಾರೂ ಕೇಳುವುದಿಲ್ಲ. ಅದು ನಿಂತಾಗ ಮಾತ್ರ ‘ಸರ್ವರ್ ಡೌನ್ ಐತಿ’ ಎಂಬ ಮಾತು ಕೌಂಟರಿನಿಂದ ಕೌಂಟರಿಗೆ ದಾಟಿಕೊಂಡು ಹೋಗುತ್ತದೆ, ಎಲ್ಲರೂ ಮೆಟ್ಟಿಲ ಕಡೆ ತಿರುಗಿ ನೋಡುತ್ತಾರೆ.

ಸುವರ್ಣಾಳ ತಂದೆ ಮುದಕಪ್ಪ ಸವದತ್ತಿ ಕಡೆಯಿಂದ ಕಾಗದದ ಮಿಲ್ಲಿಗೆ ದುಡಿಯಲು ಬಂದವರು. ಅವಳು ದಿನಾ ಬಸ್ಸು ಹಿಡಿದು ಹಳಿಯಾಳಕ್ಕೆ ಹೋಗಿ ಕಂಪ್ಯೂಟರ್ ಡಿಪ್ಲೊಮಾ ಮಾಡಿಕೊಂಡಳು. ಆಸ್ಪತ್ರೆಗೆ ಬಂದದ್ದು ಬಿಲ್ಲು ಬರೆಯುವ ಕೆಲಸಕ್ಕೆ. ಅಲ್ಲಿ ಚೀಟಿ, ರಸೀದಿ, ಎಕ್ಸ್‌ರೇ ಕವರುಗಳ ರಾಶಿ ನೋಡಿ, ಇದನ್ನೆಲ್ಲ ಒಂದೇ ಕಡೆ ತುಂಬಿಡಬಹುದಲ್ಲ ಎಂದು ಅವಳಿಗೇ ಹೊಳೆಯಿತು. ದುಬಾರಿ ಲೈಸೆನ್ಸು ಕೊಳ್ಳುವ ಶಕ್ತಿ ಆಸ್ಪತ್ರೆಗೆ ಇರಲಿಲ್ಲ. ಹಾಗಾಗಿ ಅವಳು ಲಿನಕ್ಸ್ ಕಲಿತಳು. ಕಲಿಸುವವರು ಊರಲ್ಲಿ ಯಾರೂ ಇರಲಿಲ್ಲ. ಇಂಟರ್‌ನೆಟ್ಟಿನಲ್ಲಿ ಯಾರೋ ಕೇಳಿದ ಪ್ರಶ್ನೆಗೆ ಯಾರೋ ಕೊಟ್ಟ ಉತ್ತರ ಓದಿ ಓದಿ, ಕೆಡಿಸಿ, ಮತ್ತೆ ಕಟ್ಟಿ ಕಲಿತಳು. ಹತ್ತು ವರ್ಷ ಕಳೆಯುವಷ್ಟರಲ್ಲಿ ರೋಗಿಯ ಹೆಸರು, ರಕ್ತದ ರಿಪೋರ್ಟು, ಔಷಧದ ಚೀಟಿ, ಡಯಾಲಿಸಿಸ್ ಪಾಳಿ, ಎಲ್ಲವೂ ಆ ಮೆಟ್ಟಿಲ ಕೆಳಗಿನ ಕೋಣೆಗೆ ಬಂದು ಕೂತಿತ್ತು. ಹಳಿಯಾಳ, ಜೋಯಿಡಾ, ಮುಂಡಗೋಡ ತಾಲೂಕಿನ ಮಳಗಿ, ಹೀಗೆ ಮೂರು ಕಡೆ ಆಸ್ಪತ್ರೆಯ ಉಪಕೇಂದ್ರಗಳು ತೆರೆದವು. ಮಳಗಿಯಲ್ಲಿ ನೆಟ್‌ವರ್ಕ್ ನೆಟ್ಟಗಿಲ್ಲದ್ದರಿಂದ ಅಲ್ಲಿಗೊಂದು ಚಿಕ್ಕ ಸರ್ವರನ್ನೇ ಕೊಟ್ಟರು. ಎಲ್ಲವನ್ನೂ ನೋಡಿಕೊಳ್ಳುವವಳು ಅವಳೊಬ್ಬಳೇ.

ಅವಳು ಆರಿಸಿಕೊಂಡ ಲಿನಕ್ಸಿನ ಹೆಸರು ಸೆಂಟ್‌ಓಎಸ್. ಅದನ್ನು ಆರಿಸಿಕೊಂಡದ್ದಕ್ಕೆ ಕಾರಣ ಸರಳ. ಅಮೆರಿಕದ ಒಂದು ದೊಡ್ಡ ಕಂಪನಿ ದುಡ್ಡಿಗೆ ಮಾರುವ ಲಿನಕ್ಸನ್ನು ಚೆನ್ನಾಗಿ ಪರೀಕ್ಷಿಸಿ ಹೊರಗೆ ಬಿಡುತ್ತಿತ್ತು. ಅದೇ ಸರಕನ್ನು ಕಂಪನಿಯ ಹೆಸರು ತೆಗೆದು, ಮತ್ತೆ ಕಟ್ಟಿ, ಪುಕ್ಕಟೆ ಹಂಚುವುದು ಸೆಂಟ್‌ಓಎಸ್. ಒಮ್ಮೆ ಹಾಕಿದರೆ ಹತ್ತು ವರ್ಷ ದುರಸ್ತಿ ಬರುತ್ತಲೇ ಇರುತ್ತದೆ. ಹೊಸದರ ಹುಚ್ಚಿಲ್ಲ. ಆಸ್ಪತ್ರೆಗೆ ಬೇಕಾದದ್ದೂ ಅದೇ.

ಎರಡು ಸಾವಿರದ ಇಪ್ಪತ್ತು, ಕೊರೋನಾದ ಮೊದಲ ವರ್ಷ. ದಾಂಡೇಲಿಯ ಸರ್ವರಿನಲ್ಲಿದ್ದ ಆರನೆಯ ಆವೃತ್ತಿಯ ಅವಧಿ ಆ ನವೆಂಬರಿಗೆ ತೀರುವುದಿತ್ತು. ಮಾಸ್ಕ್ ಹಾಕಿಕೊಂಡು, ಪಾಸ್ ತೋರಿಸಿಕೊಂಡು ಓಡಾಡಿದ ಆ ತಿಂಗಳುಗಳಲ್ಲಿ ಸುವರ್ಣಾ ಎಲ್ಲವನ್ನೂ ಎಂಟನೆಯ ಆವೃತ್ತಿಗೆ ಸಾಗಿಸಿದಳು. ಹಳೆಯ ಪ್ರೋಗ್ರಾಂಗಳು ಹೊಸದರಲ್ಲಿ ಓಡಲಿಲ್ಲ, ಒಂದೊಂದನ್ನೇ ತಿದ್ದಿದಳು. ಕುತ್ತಿಗೆ ನೋವು ಹತ್ತಿದ್ದು ಆಗಲೇ. ಮೂಳೆ ಡಾಕ್ಟರು ಪಟ್ಟಿ ಕೊಟ್ಟರು. ಅದನ್ನು ಕಟ್ಟಿಕೊಂಡೇ ನವೆಂಬರಿನ ಆಡಳಿತ ಮಂಡಳಿಯ ಸಭೆಗೆ ಹೋದಳು.

ಅಧ್ಯಕ್ಷರು ಯಲ್ಲಪ್ಪ. ಮಿಲ್ಲಿನ ಮೆಷಿನ್ ಹೌಸಿನಲ್ಲಿ ಆಯುಷ್ಯ ಸವೆಸಿ ನಿವೃತ್ತರಾದವರು. ಯಾವ ಯಂತ್ರದ ಮಾತು ಬಂದರೂ ಅವರು ಕೇಳುವ ಮೊದಲ ಪ್ರಶ್ನೆ ಒಂದೇ.

“ಎಷ್ಟು ವರ್ಷ ಬಾಳಿಕಿ ಬರ್ತೈತಿ ಇದು?”

“ಎರಡು ಸಾವಿರದ ಇಪ್ಪತ್ತೊಂಬತ್ತರ ತನಕ ಚಿಂತಿ ಇಲ್ರಿ,” ಅಂದಳು ಸುವರ್ಣಾ. “ಮಾಡಿದವರಽ ಹಂಗ ಹೇಳ್ಯಾರ.”

“ಅಲ್ಲೀತನಕ ನಾನಽ ಬಾಳಿಕಿ ಬರ್ತೇನೋ ಇಲ್ಲೋ,” ಎಂದರು ಯಲ್ಲಪ್ಪ. ಸಭೆ ನಕ್ಕಿತು. ಅವಳೂ ನಕ್ಕಳು. ಮುಖ್ಯ ವೈದ್ಯೆ ಡಾಕ್ಟರ್ ದ್ರಾಕ್ಷಾಯಣಿ ಆ ಮಾತನ್ನು ನಡಾವಳಿಯಲ್ಲಿ ಬರೆಸಿದರು. ಮನೆಗೆ ಬಂದು ಸುವರ್ಣಾ ಗಂಡ ಜ್ಯೋತಿಬಾನಿಗೆ, ಇನ್ನು ಮೇಲೆ ಭಾನುವಾರ ಭಾನುವಾರದ ಹಾಗೇ ಇರುತ್ತದೆ ಎಂದು ಹೇಳಿದಳು. ಜ್ಯೋತಿಬಾನದು ಜೀಪು. ಗಣೇಶಗುಡಿಗೆ ರಾಫ್ಟಿಂಗಿಗೆ ಬರುವ ಪ್ರವಾಸಿಗರನ್ನು ಕರೆದೊಯ್ಯುವ ಕೆಲಸ. ಆ ವರ್ಷ ಪ್ರವಾಸಿಗರು ಇಲ್ಲದೆ ಅವನ ಭಾನುವಾರಗಳೆಲ್ಲ ಖಾಲಿ ಬಿದ್ದಿದ್ದವು.

ಡಿಸೆಂಬರಿನ ಎರಡನೆಯ ವಾರ. ಬೆಳಿಗ್ಗೆ ಆಸ್ಪತ್ರೆಗೆ ಬಂದು, ಕೈಚೀಲ ಕೆಳಗಿಡುವುದರೊಳಗೆ ಅವಳು ಮೊಬೈಲಿನಲ್ಲಿ ಸುದ್ದಿ ಓದಿದಳು. ಸೆಂಟ್‌ಓಎಸ್ ಎಂಟಕ್ಕೆ ದುರಸ್ತಿ ಸಿಗುವುದು ಎರಡು ಸಾವಿರದ ಇಪ್ಪತ್ತೊಂದರ ಕೊನೆಯ ತನಕ ಮಾತ್ರ. ಆಮೇಲೆ ಇಲ್ಲ. ಅದರ ಜಾಗದಲ್ಲಿ ಸ್ಟ್ರೀಮ್ ಎಂಬುದೊಂದು ನಡೆಯುತ್ತದೆ, ಬೇಕಾದವರು ಅದಕ್ಕೆ ಬರಬಹುದು. ಸೆಂಟ್‌ಓಎಸ್ ಆಗಲೇ ಆ ದೊಡ್ಡ ಕಂಪನಿಯ ಕೈಸೇರಿತ್ತು, ತೀರ್ಮಾನ ಅವರದು.

ಅವಳು ಅದನ್ನು ಎರಡು ಸಲ ಓದಿದಳು. ತಾನು ತಪ್ಪು ಓದಿರಬೇಕು ಅನಿಸಿತು. ಇಪ್ಪತ್ತೊಂಬತ್ತು ಇದ್ದದ್ದು ಇಪ್ಪತ್ತೊಂದು ಹೇಗಾಗುತ್ತದೆ? ಜಗತ್ತಿನ ತುಂಬ ಜನ ಅಲ್ಲಿ ಸಿಟ್ಟಿನಲ್ಲಿ ಬರೆಯುತ್ತಿದ್ದರು. ತಾನೂ ಬರೆಯಲೇ ಎಂದುಕೊಂಡು, ಏನು ಬರೆಯುವುದು ತೋಚದೆ, ಮೊಬೈಲು ಮುಚ್ಚಿಟ್ಟು ಕೋಣೆಯ ಬೀಗ ತೆಗೆದಳು. ಸರ್ವರುಗಳು ಎಂದಿನ ಹಾಗೆ ಗುಂಯ್‌ಗುಡುತ್ತಿದ್ದವು. ಅವುಗಳಿಗೆ ಏನೂ ಆಗಿರಲಿಲ್ಲ. ನಾಳೆಯೂ ನಾಡಿದ್ದೂ ಹೀಗೇ ಓಡುತ್ತವೆ. ಆದರೆ ಒಂದು ವರ್ಷ ಕಳೆದ ಮೇಲೆ ಯಾರಾದರೂ ಕಳ್ಳದಾರಿ ಹುಡುಕಿದರೆ ಅದನ್ನು ಮುಚ್ಚಿಕೊಡುವವರು ಇರುವುದಿಲ್ಲ. ಒಳಗಿರುವುದು ನಾಲ್ಕು ತಾಲೂಕಿನ ಜನರ ಕಾಯಿಲೆಯ ವಿಷಯ.

ಡಾಕ್ಟರ್ ದ್ರಾಕ್ಷಾಯಣಿ ಪೂರ್ತಿ ಕೇಳಿಸಿಕೊಂಡರು. ಅವರಿಗೆ ಒಂದು ಮಾತು ಅರ್ಥವಾಗಲಿಲ್ಲ.

“ಮಳಗಿಯೊಳಗ ಏಳನೇದು ಐತೆಲ್ಲ, ಹಳೇದು. ಅದರ ಗತಿ ಏನು?”

“ಅದಕ್ಕೇನೂ ಆಗೂದಿಲ್ರಿ. ಅದು ಇಪ್ಪತ್ನಾಲ್ಕರ ಜೂನ್ ತನಕ ನಡಿತೈತಿ.”

“ಅಂದ್ರ ಹಳೇದು ಬಾಳಿಕಿ ಬರ್ತೈತಿ, ಹೊಸದು ಬರೂದಿಲ್ಲ?”

“ಹೌದ್ರಿ.”

“ನಾವು ಹೊಸದಕ್ಕ ಹೋಗದ ಸುಮ್ನ ಏಳಕ್ಕ ಹೋಗಿದ್ರ ಛಲೋ ಇತ್ತು.”

“ಹೌದ್ರಿ ಮೇಡಂ,” ಎಂದಳು ಸುವರ್ಣಾ. ಆ ಉತ್ತರವನ್ನು ಅವಳು ಬೆಳಗಿನಿಂದ ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದಳು. ಬಾಯಿ ಬಿಟ್ಟು ಹೇಳಿದಾಗಲೂ ಅದರ ಕಹಿ ಕಡಿಮೆಯಾಗಲಿಲ್ಲ.

ಯಲ್ಲಪ್ಪ ಆಫೀಸಿಗೆ ಬಂದಾಗ ಅವರಿಗೂ ಹೇಳಬೇಕಾಯಿತು. ಸ್ಟ್ರೀಮ್ ಅಂದರೆ ಏನು, ಅದಕ್ಕೇ ಹೋಗಬಾರದೇ ಎಂದು ಅವರು ಕೇಳಿದರು.

“ಮೊದಲ ಮಂದೀದೆಲ್ಲ ಊಟ ಆದ ಮ್ಯಾಲ ನಮಗ ನೀಡತಿದ್ರು ನೋಡ್ರಿ. ಅಡಗಿ ಹೆಂಗಾಗೇತಿ ಅಂತ ಗೊತ್ತಾಗಿರ್ತಿತ್ತು. ಈಗ ಉಪ್ಪು ಖಾರ ಸರಿ ಐತೋ ಇಲ್ಲೋ ಅಂತ ನೋಡಾಕ ನಮಗ ಮೊದಲ ನೀಡ್ತೇವಿ ಅಂತಾರ. ಬ್ಯಾರೆದವರಿಗೆ ನಡೀಬಹುದು. ದವಾಖಾನಿಗೆ ಬ್ಯಾಡ್ರಿ.”

“ಪುಕ್ಕಟೆ ಕೊಡಾಕತ್ತಿದ್ರು, ಈಗ ಒಲ್ಲೆ ಅಂದ್ರು. ನಾವು ಯಾವ ಬಾಯಿಲೆ ಕೇಳೂದು?” ಎಂದರು ಯಲ್ಲಪ್ಪ. ಅವರ ದನಿಯಲ್ಲಿ ಚುಚ್ಚು ಇರಲಿಲ್ಲ. ಆದರೂ ಸುವರ್ಣಾಳಿಗೆ ತಾನೇ ಸಭೆಗೆ ಸುಳ್ಳು ಹೇಳಿದಂತಾಯಿತು. ಅವಳು ಅಂದದ್ದು ಸೆಂಟ್‌ಓಎಸ್‌ನವರು ಅಂದದ್ದನ್ನೇ. ಆದರೆ ದಾಂಡೇಲಿಯಲ್ಲಿ ಆ ಮಾತು ಬಂದದ್ದು ಅವಳ ಬಾಯಿಂದ.

ಎರಡು ಸಾವಿರದ ಇಪ್ಪತ್ತೊಂದರಲ್ಲಿ ಎರಡನೆಯ ಅಲೆ ಬಂತು. ಆಸ್ಪತ್ರೆಯ ವರಾಂಡದಲ್ಲೂ ಹಾಸಿಗೆ ಹಾಕಿದರು. ಆಕ್ಸಿಜನ್ ಎಷ್ಟಿದೆ, ಹಾಸಿಗೆ ಎಲ್ಲಿ ಖಾಲಿಯಿದೆ ಎಂಬುದನ್ನೆಲ್ಲ ಅದೇ ಸರ್ವರ್ ಹೇಳುತ್ತಿತ್ತು. ಆಗ ಅದನ್ನು ಮುಟ್ಟುವ ಮಾತೇ ಇರಲಿಲ್ಲ. ಅಷ್ಟರಲ್ಲಿ ಸೆಂಟ್‌ಓಎಸ್ಸಿನ ಜಾಗ ತುಂಬಲು ಬೇರೆಯವರು ಎದ್ದು ನಿಂತಿದ್ದರು. ಆಲ್ಮಾ ಅಂತ ಒಂದು, ರಾಕಿ ಅಂತ ಒಂದು. ಒಳಗಿನ ಸರಕು ಅದೇ, ಹೆಸರು ಮಾತ್ರ ಬೇರೆ. ಸುವರ್ಣಾ ಆಲ್ಮಾ ಆರಿಸಿಕೊಂಡಳು. ಹಳೆಯ ಕಂಪ್ಯೂಟರೊಂದರಲ್ಲಿ ಪೂರ್ತಿ ನಕಲು ಮಾಡಿ, ಬದಲಾಯಿಸಿ ನೋಡಿದಳು. ಎಲ್ಲವೂ ಓಡಿತು. ಒಂದನ್ನು ಮಾತ್ರ ನೋಡಲು ಆಗಲಿಲ್ಲ. ಲ್ಯಾಬಿನಲ್ಲಿ ರಕ್ತ ಪರೀಕ್ಷಿಸುವ ದೊಡ್ಡ ಯಂತ್ರದಿಂದ ಸರ್ವರಿಗೆ ಅಂಕಿಗಳನ್ನು ತಂದುಕೊಡುವ ಸಾಫ್ಟ್‌ವೇರ್ ಪುಣೆಯ ಒಂದು ಕಂಪನಿಯದು. ಇದ್ದದ್ದು ಒಂದೇ ಯಂತ್ರ, ಅದು ದಿನವಿಡೀ ಓಡುತ್ತಿತ್ತು. ಪುಣೆಗೆ ಫೋನು ಮಾಡಿ ಕೇಳಿದರೆ, ಎರಡೂ ಒಂದೇ ಅಲ್ಲವೇ, ನಡೆಯುತ್ತದೆ ಎಂದಿದ್ದರು.

ಡಿಸೆಂಬರಿನ ಕೊನೆಯ ಭಾನುವಾರ ಅವಳು ಸರ್ವರನ್ನು ಬದಲಾಯಿಸಿದಳು. ಸಂಜೆಯಾಗುವುದರೊಳಗೆ ಮುಗಿಯಿತು. ನೋಂದಣಿ ಬಂತು, ಔಷಧದಂಗಡಿ ಬಂತು, ಡಯಾಲಿಸಿಸ್ ಪಾಳಿ ಬಂತು. ಲ್ಯಾಬು ಭಾನುವಾರ ಮಧ್ಯಾಹ್ನಕ್ಕೇ ಮುಚ್ಚಿದ್ದರಿಂದ ಅಲ್ಲಿನ ಯಂತ್ರ ನೋಡುವುದು ಸೋಮವಾರಕ್ಕೆ ಉಳಿಯಿತು. ಮನೆಗೆ ಹೋಗಿ ಬಿಸಿನೀರಿನ ಚೀಲ ಕುತ್ತಿಗೆಗಿಟ್ಟುಕೊಂಡು ಮಲಗಿದಳು.

ಸೋಮವಾರ ಲ್ಯಾಬಿನ ಬಾಗಿಲು ತೆರೆದ ಸ್ವಲ್ಪ ಹೊತ್ತಿಗೇ ಸಾಯಿಮಾ ಕೆಳಗಿಳಿದು ಬಂದಳು. ಸಾಯಿಮಾ ಲ್ಯಾಬ್ ಟೆಕ್ನಿಶಿಯನ್. ಸುವರ್ಣಾಳಿಗಿಂತ ನಾಲ್ಕೈದು ವರ್ಷ ಚಿಕ್ಕವಳು, ಕೆಲಸದಲ್ಲಿ ಗಟ್ಟಿಗಿತ್ತಿ, ಸುಮ್ಮಸುಮ್ಮನೆ ಗಾಬರಿಯಾಗುವವಳಲ್ಲ.

“ಅಕ್ಕ, ಮಷೀನ್ ರಕ್ತ ನೋಡಾಕತ್ತೈತಿ. ಆದ್ರ ಕಂಪ್ಯೂಟರ್‌ನ್ಯಾಗ ಒಂದೂ ಬರವಲ್ದು ನೋಡ್ರಿ.”

ಪುಣೆಯ ಸಾಫ್ಟ್‌ವೇರ್ ಎದ್ದೇಳುವಾಗಲೇ ಸರ್ವರಿನ ಹೆಸರು ಕೇಳುತ್ತಿತ್ತು. ಅದಕ್ಕೆ ಪರಿಚಯವಿದ್ದದ್ದು ಎರಡು ಹೆಸರು, ಅದರಲ್ಲಿ ಆಲ್ಮಾ ಇರಲಿಲ್ಲ. ಗುರುತಿಲ್ಲ ಎಂದು ಹೇಳಿ ಅದು ಮತ್ತೆ ಮಲಗಿಬಿಡುತ್ತಿತ್ತು. ಸುವರ್ಣಾ ಪುಣೆಗೆ ಫೋನು ಹಚ್ಚಿದಳು. ಅಲ್ಲಿ ಎತ್ತಿದವನು ಹಿಂದಿಯಲ್ಲಿ, ನಿಮ್ಮದು ನಮ್ಮ ಯಾದಿಯಲ್ಲಿ ಇಲ್ಲ ಮೇಡಂ, ಮೇಲಿನವರು ಬಂದ ಮೇಲೆ ಹೇಳುತ್ತೇನೆ ಎಂದ. ಮೇಲಿನವರು ಹೊಸ ವರ್ಷದ ರಜೆಯಲ್ಲಿದ್ದರು.

ಸೋಮವಾರವೆಂದರೆ ಜೋಯಿಡಾ ಕಡೆಯವರು ಬರುವ ದಿನ. ಲ್ಯಾಬಿನ ಮುಂದೆ ಬೆಂಚು ತುಂಬಿ, ಜನ ನೆಲದ ಮೇಲೆ ಕೂತಿದ್ದರು. ಸಾಯಿಮಾ ಯಂತ್ರದ ಪರದೆ ನೋಡಿ ಕೈಯಿಂದ ರಿಪೋರ್ಟು ಬರೆಯತೊಡಗಿದಳು. ಒಬ್ಬರದು ಬರೆದು ಮುಗಿಯುವಷ್ಟರಲ್ಲಿ ಮತ್ತಷ್ಟು ಜನರದು ಬಂದು ಬೀಳುತ್ತಿತ್ತು. ದಿನಾ ಆಗಿದ್ದರೆ ಅಪಾಯದ ಅಂಕಿ ಬಂದ ಕೂಡಲೇ ಡಾಕ್ಟರ ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಮೂಡುತ್ತಿತ್ತು. ಅಂದು ಯಾವ ಅಂಕಿಯೂ ಮೂಡಲಿಲ್ಲ. ಎಲ್ಲ ಪಾಳಿಯ ಪ್ರಕಾರ ಕಾಯುತ್ತ ಬಿದ್ದಿತ್ತು.

ಮಧ್ಯಾಹ್ನದ ಹೊತ್ತಿಗೆ ಸಾಯಿಮಾ ಮತ್ತೆ ಬಂದಳು. ಈ ಸಲ ಓಡಿ ಬಂದಿದ್ದಳು. ಕೈಯಲ್ಲಿ ಒಂದು ಚೀಟಿಯಿತ್ತು.

“ಗೋದುಬಾಯಿದು. ಪೊಟ್ಯಾಸಿಯಂ ಏಳರ ಹತ್ರ ಐತಿ. ಎರಡನೇ ಸಲ ಹಾಕಿ ನೋಡಿದೆ, ಅಷ್ಟಽ ಬಂತು. ಮುದುಕಿ ಹೊರಗ ಇಲ್ರಿ ಅಕ್ಕ.”

ಗೋದುಬಾಯಿ ಜೋಯಿಡಾದಾಚೆಯ ಕಾಡಂಚಿನ ಊರಿನವಳು. ಬಿಪಿ ಇತ್ತು, ಕಿಡ್ನಿ ಸೋತಿತ್ತು, ತಿಂಗಳಿಗೊಮ್ಮೆ ಬಂದು ರಕ್ತ ಕೊಟ್ಟು ಹೋಗುತ್ತಿದ್ದಳು. ಅವಳ ಊರ ಕಡೆ ಹೋಗುವ ಬಸ್ಸು ಇದ್ದದ್ದು ಒಂದೇ. ರಿಪೋರ್ಟು ತಡವಾಗುತ್ತದೆ ಎಂದಾಗ, ಮುಂದಿನ ಸಲ ಬಂದಾಗ ಒಯ್ಯುತ್ತೇನೆ ಎಂದು ಕೌಂಟರಿನಲ್ಲಿ ಹೇಳಿ ಹೊರಟುಹೋಗಿದ್ದಳು. ಡಾಕ್ಟರ್ ದ್ರಾಕ್ಷಾಯಣಿ ಚೀಟಿ ನೋಡಿ ಎದ್ದು ನಿಂತರು. ಅಷ್ಟು ಪೊಟ್ಯಾಸಿಯಂ ಇದ್ದರೆ ಹೃದಯ ಯಾವ ಗಳಿಗೆಯಲ್ಲಾದರೂ ನಿಲ್ಲಬಹುದು. ಮುದುಕಿ ಕೊಟ್ಟ ನಂಬರಿಗೆ ಫೋನು ಮಾಡಿದರು. ಅದು ಮೊಮ್ಮಗನದು, ನೆಟ್‌ವರ್ಕಿನ ಹೊರಗಿತ್ತು. ಆಂಬುಲೆನ್ಸು ಹಳಿಯಾಳಕ್ಕೆ ಹೋಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ವಿಚಾರಿಸಿದರೆ ಬಸ್ಸು ಆಗಲೇ ಊರು ದಾಟಿತ್ತು.

ಸುವರ್ಣಾ ಜ್ಯೋತಿಬಾನಿಗೆ ಫೋನು ಮಾಡಿದಳು. ಅವನು ಗ್ಯಾರೇಜಿನಲ್ಲಿ ಜೀಪಿನ ಬ್ರೇಕು ಮಾಡಿಸಿಕೊಂಡು ಹೊರಡುವುದರಲ್ಲಿದ್ದ.

“ಎಲ್ಲೆ ಅದೀರಿ? ಜೀಪ್ ತಗೊಂಡು ದವಾಖಾನಿಗೆ ಬರ್ರಿ. ಜೋಯಿಡಾ ಬಸ್ ಹಿಡೀಬೇಕು.”

“ನೀ ಎಲ್ಲಿಗೆ ಹೊಂಟಿ?”

“ನಾ ಅಲ್ಲ. ಬರ್ರಿ ಮೊದಲ.”

ಮೆಟ್ಟಿಲ ಕೆಳಗಿನ ಕೋಣೆಯನ್ನು ಹಾಗೇ ಬಿಟ್ಟು ಹೋಗಬೇಕೇ ಎಂದು ಒಂದು ಕ್ಷಣ ಯೋಚಿಸಿದಳು. ಅಲ್ಲಿ ಕೂತು ಮಾಡುವುದು ಬೇಕಾದಷ್ಟಿತ್ತು. ಆದರೆ ಗೋದುಬಾಯಿಗೆ ಜ್ಯೋತಿಬಾನ ಗುರುತಿಲ್ಲ. ಯಾರೋ ಗಂಡಸು ಬಸ್ಸು ತಡೆದು ಇಳಿ ಎಂದರೆ ಮುದುಕಿ ಇಳಿಯುವವಳಲ್ಲ. ನೋಂದಣಿ ಕೌಂಟರಿನಲ್ಲಿ ಜನ ಹೆಚ್ಚಾದ ದಿನ ಸುವರ್ಣಾ ತಾನೇ ಕೂತು ಅವಳ ಹೆಸರು ಬರೆದುಕೊಂಡದ್ದು ಎಷ್ಟೋ ಸಲ.

ಜೀಪು ದಾಂಡೇಲಿ ಬಿಟ್ಟು ಕಾಡು ಹೊಕ್ಕಿತು. ಸುವರ್ಣಾಳೇ ಎಲ್ಲ ಹೇಳಿದಳು, ಯಂತ್ರ, ಪುಣೆ, ಯಾದಿಯಲ್ಲಿಲ್ಲದ ಹೆಸರು. ಜ್ಯೋತಿಬಾ ತಿರುವಿನಲ್ಲಿ ಹಾರ್ನು ಹಾಕುತ್ತ ಕೇಳಿಸಿಕೊಂಡ.

“ಅಂದ್ರ ಸರ್ವರ್ ಕೆಟ್ಟಿಲ್ಲ,” ಎಂದ.

“ಇಲ್ಲ.”

“ಮಷೀನೂ ಕೆಟ್ಟಿಲ್ಲ.”

“ಇಲ್ಲ. ಯಾವುದೂ ಕೆಟ್ಟಿಲ್ಲ. ಹೆಸರು ಬದಲಾಗೇತಿ ಅಷ್ಟಽ.”

ಗಣೇಶಗುಡಿಯಲ್ಲಿ ಬಸ್ಸು ಇರಲಿಲ್ಲ. ಚಹಾದಂಗಡಿಯವನು ಈಗಷ್ಟೇ ಹೋಯಿತು ಎಂದು ಕೈ ತೋರಿಸಿದ. ಸೂಪಾ ಅಣೆಕಟ್ಟಿನ ಗೋಡೆ ಮರಗಳ ಸಂದಿಯಲ್ಲಿ ಒಮ್ಮೆ ಕಂಡು ಮರೆಯಾಯಿತು. ಏರು ಹತ್ತುವಾಗ ಬಸ್ಸಿನ ಹಿಂಭಾಗ ಕಾಣಿಸಿತು. ಜ್ಯೋತಿಬಾ ಲೈಟು ಹಾಕಿ, ಹಾರ್ನು ಒತ್ತಿ ಹಿಡಿದು, ಅಗಲವಾದ ತಿರುವಿನಲ್ಲಿ ಮುಂದೆ ಹೋಗಿ ಜೀಪು ಅಡ್ಡ ನಿಲ್ಲಿಸಿದ. ಡ್ರೈವರು ಬೈಯಲು ಬಾಯಿ ತೆರೆದವನು, ಹೆಂಗಸೊಬ್ಬಳು ಆಸ್ಪತ್ರೆಯ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡು ಇಳಿದದ್ದು ನೋಡಿ ಎಂಜಿನ್ ಆರಿಸಿದ.

ಗೋದುಬಾಯಿ ನಡುವಿನ ಸೀಟಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಿದ್ದಳು. ಮುಖ ಬೂದಿಯ ಹಾಗಾಗಿತ್ತು.

“ಆಜೀ, ಏಳ್ರಿ. ವಾಪಸ್ ಹೋಗೂಣು. ಡಾಕ್ಟರ್ ಬಾಯಿ ಕರದಾರ.”

“ಕಿತೆಂ ಜಾಲೆಂ?” ಏನಾಯಿತು ಎಂದು ಮುದುಕಿ ಕೊಂಕಣಿಯಲ್ಲಿ ಕೇಳಿ, ಆಮೇಲೆ ಕನ್ನಡಕ್ಕೆ ಬಂದಳು. “ರಿಪೋರ್ಟ್ ಬಂತು ಕಾಯ್? ನಂಗೆ ಕಾಲು ಸೋತಂಗ ಆಗ್ತದೆ ಬಾಯಿ. ಎದ್ದು ನಿಲ್ಲೂಕೆ ಆಗೂದಿಲ್ಲ.”

ಕಂಡಕ್ಟರನೂ ಜ್ಯೋತಿಬಾನೂ ಅವಳನ್ನು ಎತ್ತಿ ಇಳಿಸಿದರು. ಅವಳ ಚೀಲ ಸುವರ್ಣಾ ತೆಗೆದುಕೊಂಡಳು. ದಾರಿಯುದ್ದಕ್ಕೂ ಸುವರ್ಣಾ ಅವಳ ಕೈ ಹಿಡಿದೇ ಕೂತಿದ್ದಳು. ನಾಡಿ ನೋಡುವುದು ಅವಳಿಗೆ ಬರುವುದಿಲ್ಲ. ಆದರೂ ಹೆಬ್ಬೆರಳ ಕೆಳಗೆ ಏನೋ ಬಡಿಯುತ್ತಿರುವುದು ತಿಳಿಯುತ್ತಿತ್ತು, ತಿಳಿಯದಾದಾಗ ಗಟ್ಟಿಯಾಗಿ ಒತ್ತಿ ಹಿಡಿಯುತ್ತಿದ್ದಳು. ಮಾತಾಡಿಸುತ್ತಿರಬೇಕು ಎಂದು ನಿನ್ನೆ ಏನು ಉಂಡಿರಿ ಎಂದು ಕೇಳಿದಳು. ಕಾಡಿನ ಗೆಡ್ಡೆ ಬೇಯಿಸಿದ್ದರು, ಮೂರು ದಿನದಿಂದ ಅದೇ ಎಂದಳು ಮುದುಕಿ. ಈ ಸಲ ಗೆಡ್ಡೆ ಬಹಳ ರುಚಿಯಾಗಿವೆಯಂತೆ.

ಆಸ್ಪತ್ರೆಯ ಬಾಗಿಲಲ್ಲಿ ಡಾಕ್ಟರ್ ದ್ರಾಕ್ಷಾಯಣಿ ನಿಂತಿದ್ದರು. ಇಸಿಜಿ ಮಾಡಿದರು, ಸೂಜಿ ಕೊಟ್ಟರು, ಡಯಾಲಿಸಿಸ್‌ಗೆ ಹಾಕಿದರು. ಬಾಗಿಲು ಮುಚ್ಚಿತು. ಸುವರ್ಣಾ ಮೆಟ್ಟಿಲ ಕೆಳಗಿನ ಕೋಣೆಗೆ ಹೋಗಿ ಕೂತಳು. ಏನು ಮಾಡಬೇಕೆಂದು ಜೀಪಿನಲ್ಲೇ ಹೊಳೆದಿತ್ತು. ಸರ್ವರಿನಲ್ಲಿ ಒಂದು ಕಡೆ ಅದರ ಹೆಸರು ಬರೆದಿರುತ್ತದೆ, ಒಂದೇ ಸಾಲು. ಆ ಸಾಲಿನಲ್ಲಿ ಆಲ್ಮಾ ಎಂದಿದ್ದದ್ದನ್ನು ಅಳಿಸಿ ಸೆಂಟ್‌ಓಎಸ್ ಎಂದು ಬರೆದಳು. ಪುಣೆಯ ಸಾಫ್ಟ್‌ವೇರ್ ಎದ್ದು ಕೂತಿತು. ಬೆಳಗಿನಿಂದ ತಡೆದು ನಿಂತಿದ್ದ ಅಂಕಿಗಳೆಲ್ಲ ಒಂದರ ಹಿಂದೊಂದು ಬಂದು ಬಿದ್ದವು. ಗೋದುಬಾಯಿಯ ಹೆಸರು ಕೆಂಪು ಅಕ್ಷರದಲ್ಲಿ ಮೂಡಿತು.

ಸುವರ್ಣಾ ಅದನ್ನು ನೋಡುತ್ತ ಕೂತಳು. ಗೆದ್ದೆ ಅನಿಸಲಿಲ್ಲ. ಸಿಟ್ಟೂ ಬರಲಿಲ್ಲ. ಸಿಟ್ಟು ಮಾಡುವುದಾದರೂ ಯಾರ ಮೇಲೆ? ಅಮೆರಿಕದಲ್ಲಿ ಯಾವುದೋ ಸಭೆಯಲ್ಲಿ ಕೂತು ತೀರ್ಮಾನ ಮಾಡಿದವರಿಗೆ ಅವರದೇ ಲೆಕ್ಕಾಚಾರ ಇದ್ದಿರಬೇಕು. ಪುಣೆಯವನು ಪರೀಕ್ಷಿಸದ ಹೆಸರನ್ನು ಬೇಡ ಅಂದದ್ದೂ ಒಂದು ಎಚ್ಚರಿಕೆಯೇ. ಯಾರೂ ಕೆಟ್ಟದ್ದು ಮಾಡಲು ಹೊರಟಿರಲಿಲ್ಲ. ಗೋದುಬಾಯಿ ಎಂಬವಳೊಬ್ಬಳು ಇದ್ದಾಳೆಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಾಯಿಮಾ ಒಂದು ಲೋಟ ಚಹಾ ತಂದಿಟ್ಟು ಪಕ್ಕದ ಸ್ಟೂಲಿನ ಮೇಲೆ ಕೂತಳು.

“ಮುದುಕಿ ಮಾತಾಡಾಕತ್ಯಾಳ ಅಕ್ಕ. ಚೀಲ ಎಲ್ಲೆ ಅಂತ ಕೇಳಿದ್ಲು.”

ಚೀಲ ಸುವರ್ಣಾಳ ಕಾಲ ಬಳಿಯೇ ಇತ್ತು. ಅದರ ತುಂಬ ಗೆಡ್ಡೆಗಳಿದ್ದವು. ದಾಂಡೇಲಿಯ ಸಂಬಂಧಿಕರಿಗೆಂದು ತಂದು, ಅವರ ಮನೆಗೆ ಬೀಗ ಹಾಕಿದ್ದರಿಂದ ವಾಪಸು ಒಯ್ಯುತ್ತಿದ್ದಳಂತೆ. ಡಾಕ್ಟರು ಪೊಟ್ಯಾಸಿಯಂ ಏರಿದ್ದು ಇದರಿಂದಲೇ, ಇನ್ನು ಜನ್ಮದಲ್ಲಿ ಗೆಡ್ಡೆ ಮುಟ್ಟಬೇಡ ಎಂದ ಮೇಲೆ, ಗೋದುಬಾಯಿ ಅದನ್ನೆಲ್ಲ ಡಯಾಲಿಸಿಸ್ ವಾರ್ಡಿನ ನರ್ಸುಗಳಿಗೂ ಸುವರ್ಣಾಳಿಗೂ ಹಂಚಿದಳು. ಐದಾರು ದಿನದ ಮೇಲೆ ಅವಳ ಮಗ ಬಂದು ಊರಿಗೆ ಕರೆದುಕೊಂಡು ಹೋದ.

ಹೊಸ ವರ್ಷದ ಮೊದಲ ಸಭೆಯಲ್ಲಿ ಈ ವಿಷಯ ಬಂತು. ಯಾರೂ ಸುವರ್ಣಾಳನ್ನು ಬೈಯಲಿಲ್ಲ. ಒಬ್ಬ ನಿರ್ದೇಶಕರು, ಇದೆಲ್ಲ ಬಿಟ್ಟು ದೊಡ್ಡ ಕಂಪನಿಯವರಿಗೇ ಒಪ್ಪಿಸಿಬಿಡೋಣ ಎಂದರು. ಅದಕ್ಕೂ ಹಣ ಬೇಕು, ಅವರೂ ನಾಳೆ ಒಲ್ಲೆ ಅನ್ನಬಹುದು ಎಂದರು ದ್ರಾಕ್ಷಾಯಣಿ. ಮಾತು ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ಹೋಯಿತು. ಕೊನೆಗೆ ಯಲ್ಲಪ್ಪ ತಮ್ಮ ಪ್ರಶ್ನೆಗೆ ಬಂದರು.

“ಇರ್ಲಿ, ಈಗಿಂದು ಎಷ್ಟು ವರ್ಷ ಬಾಳಿಕಿ ಬರ್ತೈತವಾ?”

ಆಲ್ಮಾದವರು ಇದಕ್ಕೂ ಇಪ್ಪತ್ತೊಂಬತ್ತು ಎಂದೇ ಬರೆದಿದ್ದರು, ಅದು ಸುವರ್ಣಾಳಿಗೆ ಗೊತ್ತಿತ್ತು.

“ವರ್ಷ ಹೇಳೂದಿಲ್ರಿ ಕಾಕಾ. ಅವರು ಏನ ಹೇಳಿದ್ರೂ ನಾ ಇನ್ನ ಇಲ್ಲೆ ಬಂದು ಹೇಳೂದಿಲ್ಲ. ನನಗ ಎರಡು ಕೊಡ್ರಿ. ಮೂರು ತಿಂಗಳಿಗೊಮ್ಮೆ ಒಂದು ಭಾನುವಾರ ಲ್ಯಾಬ್ ಬಂದ್ ಇಟ್ಟು ಮಷೀನ್ ಸಮೇತ ಎಲ್ಲಾ ನೋಡಾಕ ಬಿಡ್ರಿ. ಮತ್ತ ಈ ಕೆಲಸ ಇನ್ನೊಬ್ಬರಿಗೆ ಗೊತ್ತಿರಲಿ. ನಾ ಒಬ್ಬಾಕಿನ ಅದೀನಿ. ನಾಳೆ ನಾ ಬಿದ್ರ ಆ ಕೋಣಿ ಕೀಲಿ ಯಾರ ಕೈಯಾಗ ಕೊಡ್ತೀರಿ?”

“ಲ್ಯಾಬ್ ಬಂದ್ ಇಟ್ರ ಮಂದಿ ಏನಂತಾರ?” ಎಂದರು ನಿರ್ದೇಶಕರು.

“ಮೊದಲಽ ಬೋರ್ಡಿನ ಮ್ಯಾಲ ಬರದು ಹಾಕೂಣ್ರಿ. ಸೋಮವಾರ ತಾಸುಗಟ್ಟಲೆ ಕೂಡ್ರಿಸೂದಕಿಂತ ಛಲೋ.”

ಮಿಲ್ಲಿನಲ್ಲಿ ಯಂತ್ರ ನಿಲ್ಲಿಸಿ ತೊಳೆಯುವ ದಿನ ಅಂತ ಇರುತ್ತಿತ್ತು, ಅಂದು ಮ್ಯಾನೇಜರನೂ ಚಾಲೂ ಮಾಡು ಅನ್ನುವಂತಿರಲಿಲ್ಲ ಎಂದು ಯಲ್ಲಪ್ಪ ನೆನಪಿಸಿಕೊಂಡರು. ಭಾನುವಾರ ಕೊಟ್ಟರು. ಹೊಸಬರನ್ನು ತೆಗೆದುಕೊಳ್ಳಲು ಆಗುವುದಿಲ್ಲ, ಇದ್ದವರಲ್ಲೇ ಯಾರಿಗಾದರೂ ಕಲಿಸು ಎಂದರು. ಇದು ಕೇಳಿ ಸಾಯಿಮಾ ತಾನು ಕಲಿಯುತ್ತೇನೆ ಎಂದಳು. ಅಂದು ಚೀಟಿ ಬರೆದು ಬರೆದು ಕೈ ಸೋತದ್ದು ತನಗೇ, ಇನ್ನೊಮ್ಮೆ ಅದು ಬೇಡ ಎಂಬುದು ಅವಳ ಕಾರಣ.

ಕಲಿಸುವುದು ಸಲೀಸಾಗಲಿಲ್ಲ. ಲ್ಯಾಬಿನ ಕೆಲಸ ಮುಗಿಸಿ, ಮನೆಯಲ್ಲಿ ಅತ್ತೆಯ ಔಷಧಿಗೆ ಹೊತ್ತಾಗುವುದರೊಳಗೆ ಸಿಕ್ಕ ಸಮಯದಲ್ಲಿ ಸಾಯಿಮಾ ಕಲಿಯಬೇಕು. ಸುವರ್ಣಾಳಿಗೆ ಮಾಡಿ ಗೊತ್ತೇ ಹೊರತು ಹೇಳಿ ಗೊತ್ತಿರಲಿಲ್ಲ. “ನೀವು ಬೆರಳಿಲೆ ಮಾಡ್ತೀರಿ, ಬಾಯಿಲೆ ಹೇಳೂದಿಲ್ಲ,” ಎಂದು ಸಾಯಿಮಾ ಎಷ್ಟೋ ಸಲ ಸೋತು ಕೂತದ್ದಿದೆ. ಹೀಗೇ ಒಂದು ವರ್ಷ ದಾಟಿತು. ಇಪ್ಪತ್ತಮೂರರ ಜೂನಿನಲ್ಲಿ ಇನ್ನೊಂದು ಸುದ್ದಿ ಬಂತು. ಆ ದೊಡ್ಡ ಕಂಪನಿ ತನ್ನ ಲಿನಕ್ಸಿನ ಮೂಲ ಬರಹವನ್ನು, ಅಂದರೆ ಸೋರ್ಸ್ ಕೋಡನ್ನು, ಇನ್ನು ತನ್ನ ಗಿರಾಕಿಗಳಿಗೆ ಮಾತ್ರ ಕೊಡುತ್ತದಂತೆ. ಆಲ್ಮಾದವರು ಯಥಾಪ್ರತಿ ಮಾಡುವುದನ್ನು ಬಿಟ್ಟು ಬೇರೆ ದಾರಿಯಿಂದ ಹೊಂದಿಕೊಂಡು ಹೋಗುತ್ತೇವೆ ಎಂದರು. ಸುವರ್ಣಾ ಓದಿ ಮುಗಿಸಿ ಮೊಬೈಲನ್ನು ಸಾಯಿಮಾಳ ಕೈಗೆ ಕೊಟ್ಟಳು.

“ಇದರಿಂದ ನಮಗೇನಾಗ್ತೈತಿ ಅಕ್ಕ?”

“ಈಗ ಏನೂ ಇಲ್ಲ. ಮುಂದ ನೋಡೂಣು.”

“ಇದೂ ಬಂದ್ ಆದ್ರ?”

“ಆದ್ರ ಮತ್ತೊಂದಕ್ಕ ಹೋಗೂಣು. ಹೋಗೂದು ಹೆಂಗಂತ ಈಗ ಇಬ್ಬರಿಗೆ ಗೊತ್ತೈತೆಲ್ಲ.”

ಮಳಗಿಯ ಏಳನೆಯ ಆವೃತ್ತಿಯ ಅವಧಿ ಇಪ್ಪತ್ನಾಲ್ಕರ ಜೂನಿಗೆ ಮುಗಿಯುವುದಿತ್ತು. ಅದು ಮುಗಿಯುವ ಮೊದಲೇ, ಮಳೆ ಹಿಡಿಯುವ ಮುಂಚಿನ ಒಂದು ಭಾನುವಾರ ಬದಲಾಯಿಸುವುದೆಂದು ನಿಶ್ಚಯವಾಯಿತು. ಆ ವಾರ ಸುವರ್ಣಾಳ ಕುತ್ತಿಗೆ ಮತ್ತೆ ಹಿಡಿದುಕೊಂಡಿತು, ಎಡಗೈ ಜೋಮು ಹಿಡಿಯುತ್ತಿತ್ತು. ಜೀಪಿನಲ್ಲಿ ಅಷ್ಟು ದೂರ ಕುಲುಕಿಸಿಕೊಂಡು ಹೋಗಬಾರದು ಎಂದರು ಮೂಳೆ ಡಾಕ್ಟರು. ಸುವರ್ಣಾ ದಿನ ಮುಂದೂಡೋಣ ಎಂದಳು. ಸಾಯಿಮಾ ಒಪ್ಪಲಿಲ್ಲ.

“ಬ್ಯಾಡ್ರಿ. ನಾ ಹೋಗ್ತೇನಿ. ಭಾವಗ ಜೀಪ್ ತಗೊಂಡು ಬರಾಕ ಹೇಳ್ರಿ. ನೀವು ಮನ್ಯಾಗ ಇರ್ರಿ.”

ಭಾನುವಾರ ಬೆಳಿಗ್ಗೆ ಜೀಪು ಮುಂಡಗೋಡದ ಕಡೆ ಹೊರಟುಹೋಯಿತು. ಮನೆಯಲ್ಲಿ ಸುವರ್ಣಾ ಒಬ್ಬಳೇ. ಬಟ್ಟೆ ಮಡಚಿದಳು, ಬೇಳೆ ಆರಿಸಿದಳು. ಮೊಬೈಲನ್ನು ಮುಂದೆಯೇ ಇಟ್ಟುಕೊಂಡಿದ್ದಳು. ಅದು ರಿಂಗಾಗಲಿಲ್ಲ. ರಿಂಗಾಗದಿದ್ದರೆ ಒಳ್ಳೆಯದೋ ಕೆಟ್ಟದೋ ತಿಳಿಯಲಿಲ್ಲ. ಮಳಗಿಯಲ್ಲಿ ನೆಟ್‌ವರ್ಕ್ ಇಲ್ಲದೆಯೂ ಇರಬಹುದು. ಮಧ್ಯಾಹ್ನ ದಾಟಿದ ಮೇಲೆ ತಡೆಯದೆ ಉಪಕೇಂದ್ರದ ಲ್ಯಾಂಡ್‌ಲೈನ್ ನಂಬರಿಗೆ ತಾನೇ ಹಚ್ಚಿದಳು.

“ಆತ್ರಿ ಅಕ್ಕ,” ಎಂದಳು ಸಾಯಿಮಾ. ಬಾಯಲ್ಲಿ ತುತ್ತಿತ್ತು. “ಆಗಿ ಭಾಳ ಹೊತ್ತಾತು. ನಡುವ ಒಮ್ಮೆ ನಿಂತಿತ್ತು, ಮತ್ತ ಮೊದಲಿನಿಂದ ಮಾಡಿದೆ. ಉಣ್ಣಾಕತ್ತೇವಿ. ಯಾಕ್ರಿ, ಏನರ ಕೆಲಸ ಇತ್ತೇನು?”

“ಏನಿಲ್ಲ, ಸುಮ್ನ ಮಾಡಿದೆ. ಉಣ್ರಿ.”

ಫೋನು ಇಟ್ಟಳು. ಖುಷಿಪಡಬೇಕಿತ್ತು. ನಿಂತಾಗ ತನ್ನನ್ನು ಯಾಕೆ ಕೇಳಲಿಲ್ಲ ಎಂದು ಒಂದು ಗಳಿಗೆ ಸಣ್ಣ ಬೇಸರವೇ ಬಂತು, ಆಮೇಲೆ ಅದೂ ಹೋಯಿತು. ಹೊರಗೆ ಮೋಡ ಕಟ್ಟಿತ್ತು, ಮಿಲ್ಲಿನ ಕಡೆಯಿಂದ ಎಂದಿನ ವಾಸನೆ ಗಾಳಿಗೆ ಬರುತ್ತಿತ್ತು. ಕುತ್ತಿಗೆಯ ಪಟ್ಟಿ ಬಿಚ್ಚಿಟ್ಟು ಅವಳು ಚಾಪೆಯ ಮೇಲೆ ಮೈ ಚಾಚಿದಳು. ಜ್ಯೋತಿಬಾ ಬಂದು ಬಾಗಿಲು ಬಡಿದಾಗ ಮಳೆ ಹೊಯ್ಯುತ್ತಿತ್ತು. ಅವಳಿಗೆ ಎಚ್ಚರವಾಗಲು ಬಹಳ ಹೊತ್ತು ಹಿಡಿಯಿತು.